ಕಾಲಿನಲ್ಲಿ ಕೆಂಪು ಗಂಟು, ಎದೆಯಲ್ಲಿ ಊದಿದ ಗ್ರಂಥಿ: ಕೆಮ್ಮೇ ಇಲ್ಲದ ಶ್ವಾಸಕೋಶದ ಕಾಯಿಲೆ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ಐದು ವಾರದ ಹಿಂದೆ ಎರಡೂ ಕಾಲಿನ ಮುಂಭಾಗದಲ್ಲಿ, ಮೊಣಕಾಲಿಗಿಂತ ಕೆಳಗೆ, ಕೆಂಪು ಗಂಟುಗಳು ಎದ್ದವು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಆಮೇಲೆ ಎರಡೂ ಪಾದದ ಕೀಲು ಊದಿಕೊಂಡು, ಬೆಳಿಗ್ಗೆ ಎದ್ದು ನಡೆಯುವುದೇ ಕಷ್ಟವಾಯಿತು. ಸಂಜೆ ಹೊತ್ತು ಸಣ್ಣಗೆ ಜ್ವರ. ಮೊದಲು ಅಲರ್ಜಿ ಅಂದರು, ಮತ್ತೊಬ್ಬರು ಸಂಧಿವಾತ ಅಂದರು. ಕೊನೆಗೆ ಎದೆಯ ಎಕ್ಸ್‌ರೇ ತೆಗೆದಾಗ ಎರಡೂ ಕಡೆ ಗ್ರಂಥಿಗಳು ಊದಿವೆ ಎಂದು ಬಂತು. ಈಗ ಒಬ್ಬರು ಟಿಬಿ ಇರಬಹುದು ಎನ್ನುತ್ತಾರೆ, ಇನ್ನೊಬ್ಬರು ಸಾರ್ಕಾಯ್ಡೋಸಿಸ್ ಎನ್ನುತ್ತಾರೆ. ನನಗೆ ಕೆಮ್ಮಿಲ್ಲ, ಉಸಿರಾಟದ ತೊಂದರೆಯೂ ಇಲ್ಲ. ಹಾಗಿದ್ದ ಮೇಲೆ ಇದು ಶ್ವಾಸಕೋಶದ ಕಾಯಿಲೆ ಹೇಗಾಗುತ್ತದೆ? ಬಯಾಪ್ಸಿ ಬೇಕೇ ಬೇಕಾ? ಹೀಗೆ ಬೇರೆಲ್ಲೋ ಶುರುವಾಗುವ ಕಾಯಿಲೆಗಳು ಇನ್ನೂ ಇವೆಯಾ? ಮನೆಯಲ್ಲಿ ನಾಲ್ಕು ವರ್ಷದ ಮಗು ಇದೆ. ಅದಕ್ಕೆ ಅಂಟುತ್ತದಾ ಅನ್ನೋದೇ ದೊಡ್ಡ ಭಯ.

ಉತ್ತರ: ನೀವು ಇಷ್ಟು ವಿವರವಾಗಿ ಬರೆದದ್ದು ಬಹಳ ಒಳ್ಳೆಯದಾಯಿತು. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದನ್ನು ಕ್ರಮವಾಗಿ ಹೇಳಿದ್ದೀರಿ. ಇಂಥ ಕಾಯಿಲೆಗಳಲ್ಲಿ ಅರ್ಧ ರೋಗನಿರ್ಣಯ ಅದರಲ್ಲೇ ಇರುತ್ತದೆ.

ನಿಮ್ಮ ಚಿತ್ರಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ: ಲಾಫ್ಗ್ರೆನ್ ಸಿಂಡ್ರೋಮ್. ಸ್ವೀಡನ್‌ನ ವೈದ್ಯ ಸ್ವೆನ್ ಲಾಫ್ಗ್ರೆನ್ ಇದನ್ನು 20ನೇ ಶತಮಾನದ ಮಧ್ಯದಲ್ಲಿ ವಿವರಿಸಿದರು. ಕಾಲಿನಲ್ಲಿ ನೋಯುವ ಕೆಂಪು ಗಂಟು, ಪಾದದ ಕೀಲುಗಳ ಊತ, ಜ್ವರ, ಎದೆಯ ಎರಡೂ ಬದಿಯಲ್ಲಿ ಸಮನಾಗಿ ಊದಿದ ಲಿಂಫ್ ಗ್ರಂಥಿಗಳು. ಇಷ್ಟೂ ಒಟ್ಟಿಗೆ ಬಂದರೆ ಅದು ಸಾರ್ಕಾಯ್ಡೋಸಿಸ್ ದಿಢೀರನೆ ಶುರುವಾಗುವ ಒಂದು ಬಗೆ. ಹೆಂಗಸರಲ್ಲಿ ಗಂಟುಗಳು ಎದ್ದು ಕಾಣುತ್ತವೆ. ಗಂಡಸರಲ್ಲಿ ಪಾದದ ಕೀಲಿನ ಊತವೇ ಜಾಸ್ತಿ, ಗಂಟು ಇಲ್ಲದೆಯೂ ಇರಬಹುದು. ಅದಕ್ಕೇ ಅವರನ್ನು ಯೂರಿಕ್ ಆಸಿಡ್ ಎಂದೋ, ಉಳುಕು ಎಂದೋ ವಾರಗಟ್ಟಲೆ ನೋಡುತ್ತಿರುತ್ತಾರೆ.

ಕೆಮ್ಮಿಲ್ಲದೆ ಶ್ವಾಸಕೋಶದ ಕಾಯಿಲೆ ಹೇಗೆ ಎಂದು ಕೇಳಿದ್ದೀರಿ. ಸಾರ್ಕಾಯ್ಡೋಸಿಸ್‌ನಲ್ಲಿ ರೋಗನಿರೋಧಕ ಕಣಗಳು ಅಲ್ಲಲ್ಲಿ ಒಟ್ಟುಗೂಡಿ ಗ್ರ್ಯಾನುಲೋಮ ಎಂಬ ಸಣ್ಣ ಸಣ್ಣ ಗುಂಪುಗಳಾಗುತ್ತವೆ. ಎದೆಯ ಗ್ರಂಥಿಗಳು ಅವಕ್ಕೆ ಅಚ್ಚುಮೆಚ್ಚಿನ ಜಾಗ. ಗ್ರಂಥಿ ಊದಿದ್ದರೂ ಗಾಳಿ ಓಡಾಡುವ ದಾರಿ, ಆಮ್ಲಜನಕ ರಕ್ತಕ್ಕೆ ಸೇರುವ ಗೋಡೆ ಎರಡೂ ಚೆನ್ನಾಗಿಯೇ ಇರಬಹುದು. ಆಗ ಕೆಮ್ಮೂ ಇರುವುದಿಲ್ಲ, ಏದುಸಿರೂ ಇರುವುದಿಲ್ಲ. ಉರಿಯೂತದ ಗಲಾಟೆ ಮಾತ್ರ ಚರ್ಮ, ಕೀಲು, ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಿಮ್ಮ ಕಾಲಿನ ಗಂಟುಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಇವಕ್ಕೆ ಎರಿಥಿಮಾ ನೋಡೋಸಮ್ ಎನ್ನುತ್ತಾರೆ. ಚರ್ಮದ ಕೆಳಗಿನ ಕೊಬ್ಬಿನ ಪದರದಲ್ಲಿ ಆಗುವ ಉರಿಯೂತ ಇದು. ಮೊದಲು ಕೆಂಪಗೆ, ಬಿಸಿಯಾಗಿ, ಗಟ್ಟಿಯಾಗಿರುತ್ತವೆ. ದಿನ ಕಳೆದಂತೆ ನೇರಳೆಯಾಗಿ, ಆಮೇಲೆ ಪೆಟ್ಟು ಬಿದ್ದ ಕಲೆಯ ಥರ ಹಸಿರು ಹಳದಿಗೆ ತಿರುಗುತ್ತವೆ. ಮೂರರಿಂದ ಆರು ವಾರದಲ್ಲಿ ತಾವಾಗಿಯೇ ಇಳಿಯುತ್ತವೆ. ಒಡೆದು ಹುಣ್ಣಾಗುವುದಿಲ್ಲ, ಗಾಯದ ಗುರುತೂ ಉಳಿಯುವುದಿಲ್ಲ. ಈ ಕೊನೆಯ ಮಾತು ಮುಖ್ಯ. ಗಂಟುಗಳು ಕಾಲಿನ ಹಿಂಭಾಗದಲ್ಲಿ, ಮೀನಖಂಡದ ಮೇಲೆ ಎದ್ದು, ಒಡೆದು ಹುಣ್ಣಾಗುತ್ತಿದ್ದರೆ ಅದು ಬೇರೆಯದೇ ಕಾಯಿಲೆ. ಅದಕ್ಕೂ ಟಿಬಿಗೂ ನಂಟು ಹೆಚ್ಚು. ನಿಮ್ಮವು ಮುಂಭಾಗದಲ್ಲಿವೆ ಎಂದು ಬರೆದಿದ್ದೀರಿ. ಯಾವುದಾದರೂ ಒಡೆದಿದೆಯಾ ಎಂದು ಒಮ್ಮೆ ಸರಿಯಾಗಿ ನೋಡಿ.

ಇಷ್ಟಿದ್ದರೂ ಎರಿಥಿಮಾ ನೋಡೋಸಮ್ ಅಂದ ತಕ್ಷಣ ಸಾರ್ಕಾಯ್ಡೋಸಿಸ್ ಎಂದು ತೀರ್ಮಾನಿಸುವ ಹಾಗಿಲ್ಲ. ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕು, ಟಿಬಿ, ಗರ್ಭನಿರೋಧಕ ಮಾತ್ರೆ, ಸಲ್ಫಾ ಔಷಧಿ, ಗರ್ಭಧಾರಣೆ, ಕರುಳಿನ ಉರಿಯೂತದ ಕಾಯಿಲೆ ಇವೆಲ್ಲ ಇದೇ ಥರದ ಗಂಟು ತರಬಲ್ಲವು. ಹಾಗಾಗಿ ಗಂಟು ಏಳುವ ಮೊದಲು ಗಂಟಲು ನೋವು ಬಂದಿತ್ತಾ, ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದಿರಾ, ಮಲದಲ್ಲಿ ರಕ್ತ ಹೋಗಿತ್ತಾ, ಇವನ್ನೆಲ್ಲ ನೆನಪಿಸಿಕೊಂಡು ವೈದ್ಯರಿಗೆ ಹೇಳಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ಕಾಲಿನ ಗಂಟಿನಿಂದ ಬಯಾಪ್ಸಿ ತೆಗೆದರೆ ಸಾರ್ಕಾಯ್ಡೋಸಿಸ್ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ. ಅಲ್ಲಿ ಕೊಬ್ಬಿನ ಉರಿಯೂತ ಕಾಣುತ್ತದೆ, ಸಾರ್ಕಾಯ್ಡೋಸಿಸ್‌ನ ಗ್ರ್ಯಾನುಲೋಮ ಸಿಗುವುದಿಲ್ಲ. ಸುಮ್ನೆ ಕಾಲಿಗೆ ಗಾಯ ಮಾಡಿಸಿಕೊಂಡಂತೆ ಆಗುತ್ತದೆ. ಹಳೆಯ ಗಾಯದ ಗುರುತು ಇದ್ದಕ್ಕಿದ್ದಂತೆ ಕೆಂಪಾಗಿ ಉಬ್ಬಿದ್ದರೆ, ಮೂಗು ಕೆನ್ನೆಯ ಮೇಲೆ ನೇರಳೆ ಬಣ್ಣದ ದಪ್ಪ ಮಚ್ಚೆ ಬಂದಿದ್ದರೆ ಅಲ್ಲಿಂದ ತೆಗೆಯಬಹುದು. ಅಲ್ಲಿ ಉತ್ತರ ಸಿಗುತ್ತದೆ.

ಹಾಗಾದರೆ ಎದೆಯ ಗ್ರಂಥಿಯಿಂದ ಬಯಾಪ್ಸಿ ಬೇಕಾ? ಅಮೆರಿಕನ್ ಥೊರಾಸಿಕ್ ಸೊಸೈಟಿ 2020ರಲ್ಲಿ ಹೊರತಂದ ಮಾರ್ಗಸೂಚಿ ಪ್ರಕಾರ, ಲಾಫ್ಗ್ರೆನ್ ಸಿಂಡ್ರೋಮ್‌ನ ಲಕ್ಷಣಗಳು ಸ್ಪಷ್ಟವಾಗಿದ್ದರೆ ಗ್ರಂಥಿಗೆ ಸೂಜಿ ಹಾಕದೆಯೇ ಕಾಯಬಹುದು. ಆದರೆ ನಿಮ್ಮ ವೈದ್ಯರ ಮನಸ್ಸಿನಲ್ಲಿ ಟಿಬಿಯ ಅನುಮಾನ ಇದೆ. ಆ ಅನುಮಾನವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಾನಾಗಿದ್ದರೆ ಮೊದಲು ಎದೆಯ ಸಿಟಿ ಸ್ಕ್ಯಾನ್ ನೋಡುತ್ತಿದ್ದೆ. ಸಾರ್ಕಾಯ್ಡೋಸಿಸ್‌ನಲ್ಲಿ ಎರಡೂ ಕಡೆಯ ಗ್ರಂಥಿಗಳು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಊದಿರುತ್ತವೆ, ಶ್ವಾಸನಾಳದ ಬಲಬದಿಯಲ್ಲೂ ಒಂದು ಗುಂಪು ಕಾಣುತ್ತದೆ. ಟಿಬಿಯಲ್ಲಿ ಊತ ಸಾಮಾನ್ಯವಾಗಿ ಒಂದು ಕಡೆಗೆ ವಾಲಿರುತ್ತದೆ. ಕಾಂಟ್ರಾಸ್ಟ್ ಕೊಟ್ಟು ಸ್ಕ್ಯಾನ್ ಮಾಡಿದಾಗ ಗ್ರಂಥಿಯ ನಡುಭಾಗ ಕೊಳೆತು ಕಪ್ಪಗೆ, ಅಂಚು ಮಾತ್ರ ಬೆಳ್ಳಗೆ ಕಾಣಿಸಬಹುದು. ಲಿಂಫೋಮ ಎಂಬ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಊತ ಹೆಚ್ಚಾಗಿ ಎದೆಯ ನಡುಭಾಗದಲ್ಲಿ, ಮುಂದಕ್ಕೆ ಇರುತ್ತದೆ. ತೂಕ ಇಳಿಯುವುದು, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುವುದು ಟಿಬಿಯಲ್ಲೂ ಉಂಟು, ಲಿಂಫೋಮದಲ್ಲೂ ಉಂಟು.

ಟಿಬಿಗೆಂದು ಕೈಯ ಚರ್ಮಕ್ಕೆ ಚುಚ್ಚಿ, ಅಲ್ಲಿ ಗಂಟು ಏಳುತ್ತದಾ ಎಂದು ನೋಡುವ ಮ್ಯಾಂಟೂ ಪರೀಕ್ಷೆಯಿಂದಲೂ ಒಂದು ಸುಳಿವು ಸಿಗುತ್ತದೆ. ಸಾರ್ಕಾಯ್ಡೋಸಿಸ್ ಇರುವವರಲ್ಲಿ ಅದು ಬಹುತೇಕ ಏಳುವುದೇ ಇಲ್ಲ. ಟಿಬಿಯಿಂದಲೇ ಎರಿಥಿಮಾ ನೋಡೋಸಮ್ ಬಂದಿದ್ದರೆ ಸಾಮಾನ್ಯವಾಗಿ ಜೋರಾಗಿ ಏಳುತ್ತದೆ. ಇದೊಂದರ ಮೇಲೆಯೇ ತೀರ್ಪು ಕೊಡುವಂತಿಲ್ಲ, ಆದರೆ ಉಳಿದ ಮಾಹಿತಿಯ ಜೊತೆ ಇಟ್ಟು ನೋಡಿದಾಗ ಬೆಲೆಯಿದೆ. ಸಾರ್ಕಾಯ್ಡೋಸಿಸ್‌ನಲ್ಲಿ ಏರಬಹುದಾದ ಎಸಿಇ ಎಂಬ ಕಿಣ್ವದ ರಕ್ತಪರೀಕ್ಷೆಯ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕಾಯಿಲೆ ಇದ್ದೂ ಅದು ನಾರ್ಮಲ್ ಬರುವವರು ಬಹಳ. ಬೇರೆ ಕಾಯಿಲೆಗಳಲ್ಲೂ ಏರುತ್ತದೆ.

ಸ್ಕ್ಯಾನ್‌ನಲ್ಲಿ ಊತ ಒಂದು ಕಡೆಗಿದ್ದರೆ, ನಡುಭಾಗ ಕೊಳೆತಂತಿದ್ದರೆ, ತೂಕ ಇಳಿಯುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಬಯಾಪ್ಸಿಗೆ ಹಿಂದೆಮುಂದೆ ನೋಡಬೇಡಿ. ಈಗ ಅದಕ್ಕೆ ಎದೆ ಕೊಯ್ಯಬೇಕಿಲ್ಲ. ಇಬಸ್ ಎಂಬ ವಿಧಾನ ಇದೆ. ಬಾಯಿಯ ಮೂಲಕ ತೆಳ್ಳನೆಯ ಕೊಳವೆ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಲ್ಲಿ ಗ್ರಂಥಿಯನ್ನು ನೋಡುತ್ತಲೇ ಸೂಜಿಯಿಂದ ಮಾದರಿ ತೆಗೆಯುತ್ತಾರೆ. ತೆಗೆದ ಮಾದರಿ ಪೂರ್ತಿ ಸೂಕ್ಷ್ಮದರ್ಶಕಕ್ಕೇ ಹೋಗದ ಹಾಗೆ ನೋಡಿಕೊಳ್ಳಿ. ಒಂದಷ್ಟು ಟಿಬಿ ರೋಗಾಣು ಹುಡುಕುವ ಜೀನ್‌ಎಕ್ಸ್‌ಪರ್ಟ್ ಮತ್ತು ಕಲ್ಚರ್ ಪರೀಕ್ಷೆಗೂ ಹೋಗಬೇಕು. ಗ್ರ್ಯಾನುಲೋಮ ಟಿಬಿಯಲ್ಲೂ ಇರುತ್ತದೆ, ಸಾರ್ಕಾಯ್ಡೋಸಿಸ್‌ನಲ್ಲೂ ಇರುತ್ತದೆ. ಕಣ್ಣಿಗೆ ಕಂಡದ್ದಷ್ಟೇ ಸಾಲದು.

ಒಂದು ವಿನಂತಿ. ಈ ಪ್ರಶ್ನೆ ಬಗೆಹರಿಯುವ ತನಕ ಯಾರಾದರೂ "ಒಂದು ವಾರ ಸ್ಟೀರಾಯ್ಡ್ ತಗೊಂಡು ನೋಡೋಣ" ಎಂದರೆ, ಯಾಕೆ ಎಂದು ಕೇಳಿ. ಸ್ಟೀರಾಯ್ಡ್ ತೆಗೆದುಕೊಂಡರೆ ನಿಮಗೆ ಖಂಡಿತ ಆರಾಮ ಅನ್ನಿಸುತ್ತದೆ. ತೊಂದರೆ ಇರುವುದೇ ಅಲ್ಲಿ. ಲಿಂಫೋಮ ಇದ್ದರೂ ಗ್ರಂಥಿ ಸ್ವಲ್ಪ ದಿನ ಕುಗ್ಗುತ್ತದೆ, ಆಮೇಲೆ ಬಯಾಪ್ಸಿಯಲ್ಲಿ ಏನೂ ಸಿಗದೆ ಹೋಗಬಹುದು. ಟಿಬಿ ಇದ್ದರೆ ಅದು ಒಳಗೊಳಗೇ ಹರಡಬಹುದು. ಲಾಫ್ಗ್ರೆನ್ ಸಿಂಡ್ರೋಮ್‌ಗೆ ಹೆಚ್ಚಿನವರಿಗೆ ವಿಶ್ರಾಂತಿ, ನೋವು ಮತ್ತು ಊತ ಇಳಿಸುವ ಸಾಮಾನ್ಯ ಮಾತ್ರೆ ಸಾಕಾಗುತ್ತದೆ. ಅದನ್ನೂ ಕಿಡ್ನಿ ಸರಿಯಿದೆ ಎಂದು ನೋಡಿಕೊಂಡೇ ಕೊಡಬೇಕು. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ಕಾಯಿಲೆ ತಾನಾಗಿಯೇ ಕರಗಿಹೋಗುತ್ತದೆ. ಸಾರ್ಕಾಯ್ಡೋಸಿಸ್‌ನ ಬಗೆಗಳಲ್ಲಿ ಇಷ್ಟು ಒಳ್ಳೆಯ ಭವಿಷ್ಯ ಇರುವುದು ಇದಕ್ಕೇ.

ಆದರೂ ನಾಲ್ಕು ಕಡೆ ಕಣ್ಣು ಹಾಯಿಸದೆ ಬಿಡಬೇಡಿ. ಕಣ್ಣಿನ ವೈದ್ಯರಲ್ಲಿ ಸ್ಲಿಟ್ ಲ್ಯಾಂಪ್ ಪರೀಕ್ಷೆ ಮಾಡಿಸಿ. ಕಣ್ಣಿನೊಳಗಿನ ಉರಿಯೂತ ಕೆಲವೊಮ್ಮೆ ಕೆಂಪೂ ಇಲ್ಲದೆ, ನೋವೂ ಇಲ್ಲದೆ ಇರುತ್ತದೆ. ಒಂದು ಇಸಿಜಿ ಮಾಡಿಸಿ. ಸಾರ್ಕಾಯ್ಡೋಸಿಸ್ ಹೃದಯದ ವಿದ್ಯುತ್ ದಾರಿಗೆ ತಗುಲಿದರೆ ಬಡಿತ ತಪ್ಪುತ್ತದೆ. ಯಾವ ಕಾರಣವೂ ಗೊತ್ತಿಲ್ಲದೆ ತಲೆಸುತ್ತಿ ಬಿದ್ದಿದ್ದೇ ಕೆಲವರಲ್ಲಿ ಈ ಕಾಯಿಲೆಯ ಮೊದಲ ಲಕ್ಷಣ. ರಕ್ತದಲ್ಲಿ ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಮತ್ತು ಲಿವರ್ ಪರೀಕ್ಷೆ ಆಗಲೇಬೇಕು.

ಕ್ಯಾಲ್ಸಿಯಂ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಗ್ರ್ಯಾನುಲೋಮದ ಕಣಗಳು ವಿಟಮಿನ್ ಡಿಯನ್ನು ಅದರ ಸಕ್ರಿಯ ರೂಪಕ್ಕೆ ತಾವೇ ಬದಲಿಸುತ್ತವೆ. ಕಿಡ್ನಿ ಈ ಕೆಲಸವನ್ನು ಅಳತೆಯಲ್ಲಿ ಮಾಡುತ್ತದೆ, ಇವಕ್ಕೆ ಅಳತೆಯೇ ಇಲ್ಲ. ಹೀಗಾಗಿ ಸಾಮಾನ್ಯವಾಗಿ ಅಳೆಯುವ ವಿಟಮಿನ್ ಡಿ ಮಟ್ಟ ಕಡಿಮೆ ಎಂದು ರಿಪೋರ್ಟ್ ಬರುತ್ತದೆ. ಅದನ್ನು ನೋಡಿ ಯಾರೋ ಜಾಸ್ತಿ ಡೋಸ್‌ನ ವಿಟಮಿನ್ ಡಿ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಬರೆದುಕೊಡುತ್ತಾರೆ. ಕೆಲವು ವಾರದಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ಮಂಕು, ಕಿಡ್ನಿ ಕಲ್ಲು ಶುರು. ಮೈಕೈ ನೋವಿಗೆಂದು ನೀವು ಈಗಾಗಲೇ ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಮತ್ತೆ ಮತ್ತೆ ಕಿಡ್ನಿ ಕಲ್ಲಾಗುವ ಕೆಲವರಲ್ಲಿ ಹುಡುಕಿದರೆ ಸಾರ್ಕಾಯ್ಡೋಸಿಸ್ ಸಿಗುವುದೂ ಇದೇ ಕಾರಣಕ್ಕೆ.

ಇನ್ನು, ಹೀಗೆ ಬೇರೆಲ್ಲೋ ಶುರುವಾಗುವ ಕಾಯಿಲೆಗಳು ಇನ್ನೂ ಇವೆಯಾ ಎಂಬ ನಿಮ್ಮ ಪ್ರಶ್ನೆ. ಇವೆ, ಬೇಕಾದಷ್ಟಿವೆ. ಎಲ್ಲವನ್ನೂ ಹೇಳಲು ಹೋಗುವುದಿಲ್ಲ. ತಡವಾದರೆ ಜಾಸ್ತಿ ನಷ್ಟ ಮಾಡುವ ಮೂರು ನಾಲ್ಕನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಮೂಗಿನಲ್ಲಿ ಶುರುವಾಗುವುದು. ತಿಂಗಳುಗಟ್ಟಲೆ ಸೈನಸ್, ಮೂಗಿನಲ್ಲಿ ರಕ್ತ ಬೆರೆತ ಹಕ್ಕಳೆ, ದೊಡ್ಡವರಾದ ಮೇಲೆ ಹೊಸದಾಗಿ ಕಿವಿ ಮಂದವಾಗುವುದು ಅಥವಾ ಸೋರುವುದು. ಒಂದಾದ ಮೇಲೊಂದು ಆ್ಯಂಟಿಬಯಾಟಿಕ್ ಕೊಟ್ಟರೂ ಹೋಗುವುದಿಲ್ಲ. ಇದರ ಹಿಂದೆ ಜಿಪಿಎ ಎಂಬ ರಕ್ತನಾಳದ ಉರಿಯೂತ ಇರಬಹುದು. ಹಿಂದೆ ಇದನ್ನು ವೆಗನರ್ ಕಾಯಿಲೆ ಎನ್ನುತ್ತಿದ್ದರು. ಆಮೇಲೆ ಶ್ವಾಸಕೋಶದಲ್ಲಿ ಗಂಟು, ಕುಳಿ, ಕಫದಲ್ಲಿ ರಕ್ತ ಕಾಣಿಸಿಕೊಳ್ಳುತ್ತದೆ. ಅದನ್ನು ನೋಡಿ ಟಿಬಿ ಎಂದುಕೊಳ್ಳುವುದು ತೀರಾ ಸುಲಭ. ಅಷ್ಟರಲ್ಲಿ ಕಿಡ್ನಿ ಒಂದಿಷ್ಟೂ ನೋವಿಲ್ಲದೆ ಕೆಡುತ್ತಿರುತ್ತದೆ. ಇಲ್ಲಿ ನನ್ನ ಅಭಿಪ್ರಾಯ ಬಹಳ ಗಟ್ಟಿ: ವಾರಗಟ್ಟಲೆ ಜ್ವರ, ಕೀಲುನೋವು, ವಾಸಿಯಾಗದ ಸೈನಸ್ ಇರುವ ಯಾರಿಗೇ ಆಗಲಿ ಮೂತ್ರ ಪರೀಕ್ಷೆ ಮಾಡಿಸದೆ ಕಳಿಸಬಾರದು. ಮೂತ್ರದಲ್ಲಿ ಕೆಂಪು ರಕ್ತಕಣ, ಪ್ರೋಟೀನ್ ಕಂಡರೆ ಅದೇ ವಾರ ಎಎನ್‌ಸಿಎ (ಇಂಥ ರಕ್ತನಾಳದ ಉರಿಯೂತದಲ್ಲಿ ಕಾಣುವ ಪ್ರತಿಕಾಯದ ರಕ್ತಪರೀಕ್ಷೆ) ಮತ್ತು ಕ್ರಿಯಾಟಿನಿನ್ ಆಗಬೇಕು. ಕಣ್ಣಿಗೆ ಕೆಂಪಾಗಿ ಕಾಣದ ಮೂತ್ರದಲ್ಲೂ ರಕ್ತಕಣ ಇರಬಹುದು. ಅದಕ್ಕೇ ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು.

ಇದರ ಹತ್ತಿರದ ಇನ್ನೊಂದು ಕಾಯಿಲೆ ಅಸ್ತಮಾದ ವೇಷದಲ್ಲಿ ಬರುತ್ತದೆ. ಚಿಕ್ಕಂದಿನಲ್ಲಿ ಅಸ್ತಮಾ ಇರಲಿಲ್ಲ, ಮೂವತ್ತು ನಲವತ್ತರ ನಂತರ ಶುರುವಾಯಿತು. ಮೂಗಿನಲ್ಲಿ ಪಾಲಿಪ್ ಇದೆ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣದ ಎಣಿಕೆ 1000 ದಾಟಿದೆ. ಆಮೇಲೊಂದು ದಿನ ಪಾದ ಮೇಲೆತ್ತಲು ಆಗುತ್ತಿಲ್ಲ, ನಡೆಯುವಾಗ ಮುಂಗಾಲು ನೆಲಕ್ಕೆ ತಾಗುತ್ತಿದೆ. ಈ ಕೊನೆಯದು ನರಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳ ಉರಿಯೂತ. ಇಜಿಪಿಎ ಎಂದು ಇದರ ಹೆಸರು. ಎಎನ್‌ಸಿಎ ನೆಗೆಟಿವ್ ಬಂತು ಎಂದು ಸುಮ್ಮನಾಗಬಾರದು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ನೆಗೆಟಿವ್ ಆಗಿಯೇ ಇರುತ್ತದೆ.

ಮೂರನೆಯದು ಕೈಯಲ್ಲಿ ಕಾಣುವುದು. ಚಳಿಗೆ ಬೆರಳುಗಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪಾಗುತ್ತವೆ. ಇದಕ್ಕೆ ರೇನೋ ಎನ್ನುತ್ತಾರೆ. ಯೌವನದಲ್ಲಿ ಹಾಗೆ ಸುಮ್ನೆ ಬರುವುದೂ ಉಂಟು. ಆದರೆ ಮಧ್ಯವಯಸ್ಸಿನಲ್ಲಿ ಹೊಸದಾಗಿ ಬಂದರೆ, ಬೆರಳು ಊದಿ ಉಂಗುರ ಬಿಗಿಯಾಗುತ್ತಿದ್ದರೆ ಚರ್ಮ ಗಟ್ಟಿಯಾಗುವ ಸ್ಕ್ಲೀರೋಡರ್ಮ ಎಂಬ ಕಾಯಿಲೆಯ ಬಗ್ಗೆ ಯೋಚಿಸಬೇಕು. ಏದುಸಿರು ಬರುವ ಮೊದಲೇ ಅದು ಶ್ವಾಸಕೋಶದ ತಳಭಾಗವನ್ನು ಗಟ್ಟಿ ಮಾಡಲು ಶುರುಮಾಡಿರಬಹುದು. ಬೆರಳಿನ ಬದಿಯ ಚರ್ಮ ಒರಟಾಗಿ, ಸೀಳುಬಿಟ್ಟು, ಮೆಕ್ಯಾನಿಕ್ ಕೈಯ ಹಾಗೆ ಆಗುವುದು ಮತ್ತೊಂದು ಗುರುತು. ಕೀಲುನೋವು, ಒಣಕೆಮ್ಮು ಜೊತೆಗಿದ್ದರೆ ಆ್ಯಂಟಿಸಿಂಥೆಟೇಸ್ ಸಿಂಡ್ರೋಮ್ ಇರಬಹುದು. ಇದು ಸ್ನಾಯುವಿನ ಉರಿಯೂತದ ಗುಂಪಿಗೆ ಸೇರಿದ್ದು. ಆದರೂ ಎಷ್ಟೋ ಜನರಲ್ಲಿ ಸ್ನಾಯು ಗಟ್ಟಿಮುಟ್ಟಾಗಿಯೇ ಇರುತ್ತದೆ, ಶ್ವಾಸಕೋಶ ಮಾತ್ರ ಕೆಟ್ಟಿರುತ್ತದೆ. ಇಲ್ಲೊಂದು ಬಲೆ ಇದೆ. ಇದರ ಪ್ರತಿಕಾಯಗಳು ಕಣದ ನ್ಯೂಕ್ಲಿಯಸ್‌ಗಿಂತ ಹೊರಗೆ ಅಂಟುವುದರಿಂದ, ನ್ಯೂಕ್ಲಿಯಸ್‌ಗೆ ಅಂಟುವ ಪ್ರತಿಕಾಯ ಹುಡುಕುವ ಎಎನ್‌ಎ ಪರೀಕ್ಷೆ ನೆಗೆಟಿವ್ ಎಂದು ಬರಬಹುದು. ರಿಪೋರ್ಟ್‌ನಲ್ಲಿ ಸೈಟೋಪ್ಲಾಸ್ಮಿಕ್ ಎಂಬ ಪದ ಇದ್ದರೆ ಮಯೋಸೈಟಿಸ್ ಪ್ಯಾನೆಲ್ (ಸ್ನಾಯು ಉರಿಯೂತದ ಪ್ರತಿಕಾಯಗಳ ಪರೀಕ್ಷೆ) ಕೇಳಬೇಕು.

ಇದೇ ಗುಂಪಿನಲ್ಲಿ ಎಂಡಿಎ5 ಎಂಬ ಪ್ರತಿಕಾಯ ಇರುವ ಬಗೆ ಎಲ್ಲಕ್ಕಿಂತ ಅವಸರದ್ದು. ಅಂಗೈಯಲ್ಲಿ ನೋಯುವ ಕೆಂಪು ಗುಳ್ಳೆ, ಬೆರಳ ಗಿಣ್ಣಿನ ಮೇಲೆ ಹುಣ್ಣು, ಕೂದಲು ಉದುರುವುದು, ಜ್ವರ. ಕೆಲವೇ ವಾರಗಳಲ್ಲಿ ಉಸಿರಾಟ ಕೈಕೊಡಬಹುದು. ಇಲ್ಲಿ ತಿಂಗಳ ನಂತರದ ಅಪಾಯಿಂಟ್‌ಮೆಂಟ್‌ಗೆ ಕಾಯುವಂತಿಲ್ಲ.

ರುಮಟಾಯ್ಡ್ ಸಂಧಿವಾತದ ಕಥೆ ಉಲ್ಟಾ. ಅದು ಕೀಲಿನ ಕಾಯಿಲೆ ಅಂತ ಎಲ್ಲರಿಗೂ ಗೊತ್ತು. ಆದರೆ ಕೆಲವರಲ್ಲಿ, ಅದರಲ್ಲೂ ಧೂಮಪಾನ ಮಾಡುವವರಲ್ಲಿ, ಕೀಲು ನೋಯುವ ಮೊದಲೇ ಶ್ವಾಸಕೋಶ ಗಟ್ಟಿಯಾಗುತ್ತಾ ಬರುತ್ತದೆ. ಆಗ ರುಮಟಾಯ್ಡ್ ಪತ್ತೆಗೆ ಮಾಡುವ ಆ್ಯಂಟಿ ಸಿಸಿಪಿ ಎಂಬ ರಕ್ತಪರೀಕ್ಷೆ ಮಾತ್ರ ಪಾಸಿಟಿವ್ ಇರುತ್ತದೆ.

ಪರೀಕ್ಷೆಗಳ ಬಗ್ಗೆ ಎರಡು ಮಾತು. ಎಕ್ಸ್‌ರೇ ಕ್ಲಿಯರ್ ಇದೆ ಅಂದ ಮಾತ್ರಕ್ಕೆ ಶ್ವಾಸಕೋಶ ಚೆನ್ನಾಗಿದೆ ಎಂದಲ್ಲ. ಗಟ್ಟಿಯಾಗುವ ಕಾಯಿಲೆಗಳಲ್ಲಿ ಶುರುವಿನಲ್ಲಿ ಎಕ್ಸ್‌ರೇ ನಾರ್ಮಲ್ ಇರಬಹುದು. ಬೆನ್ನಿನ ಕೆಳಭಾಗದಲ್ಲಿ ಸ್ಟೆತಸ್ಕೋಪ್ ಇಟ್ಟು ಉದ್ದ ಉಸಿರು ಎಳೆಸಿದಾಗ ವೆಲ್ಕ್ರೋ ಪಟ್ಟಿ ಬಿಡಿಸಿದ ಹಾಗೆ ಚರಚರ ಸದ್ದು ಬಂದರೆ ಎಚ್‌ಆರ್‌ಸಿಟಿ ಎಂಬ ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್ ಮಾಡಿಸಲೇಬೇಕು. ಉಸಿರಾಟದ ಪರೀಕ್ಷೆಯಲ್ಲಿ ಬರೀ ಊದಿಸಿ ಕಳಿಸಿದರೆ ಸಾಲದು, ಡಿಎಲ್‌ಸಿಒ ಎಂಬ ಭಾಗವೂ ಬೇಕು. ಆಮ್ಲಜನಕ ರಕ್ತಕ್ಕೆ ದಾಟುವ ಶಕ್ತಿಯನ್ನು ಅದು ಅಳೆಯುತ್ತದೆ, ಹಲವು ಬಾರಿ ಮೊದಲು ಕುಸಿಯುವುದೇ ಅದು. ಕುಳಿತಾಗ ಆಕ್ಸಿಮೀಟರ್ 97 ತೋರಿಸಿ, ಆರು ನಿಮಿಷ ನಡೆದ ಮೇಲೆ 90ಕ್ಕಿಂತ ಕೆಳಗೆ ಇಳಿಯುವವರೂ ಇದ್ದಾರೆ.

ಹಾಗೆಯೇ ಎಎನ್‌ಎ ಪಾಸಿಟಿವ್ ಎಂದು ಗಾಬರಿಯಾಗುವುದೂ ಬೇಡ. 1:40ರ ಮಟ್ಟದಲ್ಲಿ ನೋಡಿದರೆ ಆರೋಗ್ಯವಂತರಲ್ಲೇ ಸುಮಾರು ಶೇ 30ರಷ್ಟು ಜನರಿಗೆ ಅದು ಪಾಸಿಟಿವ್ ಬರುತ್ತದೆ. ಲಕ್ಷಣ ನೋಡಿ ಪರೀಕ್ಷೆ ಬರೆಯಬೇಕು. ಎಲ್ಲ ಪರೀಕ್ಷೆ ಮಾಡಿಸಿ ಆಮೇಲೆ ಕಾಯಿಲೆ ಹುಡುಕಿದರೆ ದಾರಿ ತಪ್ಪುತ್ತದೆ.

ಈ ಕಾಯಿಲೆಗಳು ತಡವಾಗುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಒಂದೇ. ಮೂಗು ಒಬ್ಬರು ನೋಡುತ್ತಾರೆ, ಕಣ್ಣು ಇನ್ನೊಬ್ಬರು, ಕೀಲು ಮತ್ತೊಬ್ಬರು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವವರು ಇರುವುದಿಲ್ಲ. ನೀವು ಒಂದು ಹಾಳೆಯಲ್ಲಿ ದಿನಾಂಕ ಹಾಕಿ ಬರೆಯಿರಿ: ಗಂಟು ಯಾವಾಗ, ಊತ ಯಾವಾಗ, ಜ್ವರ ಯಾವಾಗ, ಯಾವ ಮಾತ್ರೆ ಎಷ್ಟು ದಿನ. ಸಂಬಂಧವಿಲ್ಲ ಅನ್ನಿಸುವ ಬಾಯಿಹುಣ್ಣು, ಕಣ್ಣುರಿ, ಮನೆಯಲ್ಲಿ ಸಾಕಿದ ಹಕ್ಕಿ, ಕೆಲಸದ ಜಾಗದ ಧೂಳು ಇವನ್ನೂ ಬರೆಯಿರಿ. ಕಾಲಿನ ಗಂಟು ಇಳಿಯುವ ಮೊದಲೇ ಹಗಲು ಬೆಳಕಿನಲ್ಲಿ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಶ್ವಾಸಕೋಶ ತಜ್ಞರು, ರುಮಟಾಲಜಿಸ್ಟ್ (ಸಂಧಿವಾತದ ತಜ್ಞರು) ಇಬ್ಬರಿಗೂ ಅದೇ ಹಾಳೆ, ಅದೇ ಫೋಟೊ ತೋರಿಸಿ.

ಕಾಯುವ ಅವಧಿಯಲ್ಲಿ ಕಣ್ಣು ಮಂಜಾದರೆ ಅಥವಾ ಬೆಳಕಿಗೆ ನೋವಾದರೆ, ತಲೆಸುತ್ತಿ ಬಿದ್ದರೆ, ಎದೆಬಡಿತ ತಪ್ಪಿದಂತಾದರೆ, ಮುಖದ ಒಂದು ಬದಿ ಸೊಟ್ಟಗಾದರೆ, ಕಫದಲ್ಲಿ ರಕ್ತ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇವು ಯಾವುದೂ ಇಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ತೋರಿಸಿ, ಎಕ್ಸ್‌ರೇ ಹೋಲಿಸಿ ನೋಡಿದರೆ ಸಾಕಾಗಬಹುದು. ನೋವು ಬೇಗ ಹೋಗುತ್ತದೆ. ಗ್ರಂಥಿ ಕುಗ್ಗಲು ತಿಂಗಳುಗಳೇ ಬೇಕು, ಅದಕ್ಕೆ ಧೈರ್ಯಗೆಡಬೇಡಿ.

ಕೊನೆಗೆ, ಮಗುವಿನ ವಿಚಾರ. ಸಾರ್ಕಾಯ್ಡೋಸಿಸ್ ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ. ಒಂದು ವೇಳೆ ಟಿಬಿಯೇ ಆಗಿದ್ದರೂ, ಅದು ಬರೀ ಗ್ರಂಥಿಯಲ್ಲಿದ್ದು ಶ್ವಾಸಕೋಶದಲ್ಲಿ ಇಲ್ಲದಿದ್ದರೆ, ಕೆಮ್ಮೂ ಇಲ್ಲದಿದ್ದರೆ ಬೇರೆಯವರಿಗೆ ಹರಡುವ ಸಾಧ್ಯತೆ ಬಹಳ ಕಡಿಮೆ. ಸಿಟಿಯಲ್ಲಿ ಶ್ವಾಸಕೋಶ ಶುಭ್ರವಾಗಿದೆ ಎಂದು ಬಂದರೆ ಮಗುವನ್ನು ದೂರ ಇಡಬೇಕಾದ ಕಾರಣ ಇಲ್ಲ. ಟಿಬಿ ಎಂದು ಖಚಿತವಾದರೆ ಮಾತ್ರ ಮಗುವನ್ನೂ ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ. ಐದು ವರ್ಷದ ಒಳಗಿನ ಮಕ್ಕಳಿಗೆ ಆಗ ಮುನ್ನೆಚ್ಚರಿಕೆಯ ಔಷಧಿ ಬೇಕಾ ಎಂದು ಅವರು ನಿರ್ಧರಿಸುತ್ತಾರೆ.